ಫೆರೆಟ್, ನೀರುನಾಯಿಗಳನ್ನು ಹಗ್ಗ ಕಟ್ಟಿ ಅಡ್ಡಾಡಿಸಬಹುದೇ?

ಪ್ರಶ್ನೆ: ಫೆರೆಟ್ (ಮುಂಗುಸಿಯನ್ನು ಹೋಲುವ ಸಣ್ಣ ಸಾಕುಪ್ರಾಣಿ), ನೀರುನಾಯಿಗಳು ನಾಯಿಯಂತೆಯೇ ಹಗ್ಗ ಹಿಡಿದವರ ಜೊತೆ ಹೆಜ್ಜೆ ಹಾಕುವ ವಿಡಿಯೊಗಳನ್ನು ನೋಡಿದ್ದೇನೆ. ಇವುಗಳನ್ನು ನಿಜಕ್ಕೂ ವಾಕಿಂಗ್ ಕರೆದೊಯ್ಯಬಹುದೇ?

ಉತ್ತರ: ಫೆರೆಟ್ ಆದರೆ ಸರಿ, ನಿಮಗೆ ತಾಳ್ಮೆಯಿದ್ದರೆ. ನೀರುನಾಯಿಯಂತೂ ಬೇಡವೇ ಬೇಡ.

ಎರಡೂ ಒಂದೇ ಕುಟುಂಬದ ಪ್ರಾಣಿಗಳು. ನೀಳ ಮೈ, ಗಿಡ್ಡ ಕಾಲು, ಹೆಚ್ಚುಕಡಿಮೆ ತಲೆಯಷ್ಟೇ ದಪ್ಪದ ಕುತ್ತಿಗೆ. ನಾಯಿಯ ಕೊರಳಪಟ್ಟಿ ಇವುಗಳ ಮೇಲೆ ನಿಲ್ಲುವುದಿಲ್ಲ. ಫೆರೆಟ್ ಬೆದರಿದರೆ ಮುಂದಕ್ಕೆ ಜಗ್ಗುವ ಬದಲು ಹಿಂದಕ್ಕೆ ಸರಿಯುತ್ತದೆ. ಮುಂಗಾಲು ಚಾಚಿ, ಭುಜ ಕುಗ್ಗಿಸಿತೆಂದರೆ ಮುಗಿಯಿತು, ಖಾಲಿ ಪಟ್ಟಿ ನಿಮ್ಮ ಕೈಯಲ್ಲಿ. ಆದ್ದರಿಂದ ಕುತ್ತಿಗೆಗೊಂದು, ಮುಂಗಾಲುಗಳ ಹಿಂದೆ ಎದೆಗೊಂದು ಪಟ್ಟಿಯಿದ್ದು, ಬೆನ್ನ ಮೇಲೆ ಅವೆರಡನ್ನೂ ಜೋಡಿಸುವ ಹಾರ್ನೆಸ್ ಬೇಕು. ಪಟ್ಟಿಯಡಿ ನಿಮ್ಮ ಕಿರುಬೆರಳು ಮಾತ್ರ ತೂರುವಂತಿರಲಿ. ಮೊದಲ ಸಲ ತೊಡಿಸಿದಾಗ ಅದು ನೆಲಕ್ಕೊರಗಿ ಹೊರಳಾಡಬಹುದು, ಇಲ್ಲವೇ ಪಟ್ಟಿಯನ್ನು ಕಚ್ಚಬಹುದು. ಮನೆಯೊಳಗೇ ದಿನಕ್ಕೆ ಕೆಲವು ನಿಮಿಷ ತೊಡಿಸಿ, ಮಾಂಸದ ತುಣುಕು ಕೊಟ್ಟು ರೂಢಿ ಮಾಡಿಸಿ. ಅದನ್ನು ಮರೆತು ಓಡಾಡುವವರೆಗೆ ಬಾಗಿಲು ದಾಟಿಸಬೇಡಿ.

ದಾಟಿಸಿದ ಮೇಲೂ ಅದು ನಿಮ್ಮ ಪಕ್ಕದಲ್ಲಿ ಶಿಸ್ತಾಗಿ ನಡೆಯುತ್ತದೆಂದು ಕನಸು ಕಾಣಬೇಡಿ. ಮೊಲದ ಬಿಲಗಳಿಗೆ ನುಗ್ಗಿಸಲೆಂದೇ ಮನುಷ್ಯ ಸುಮಾರು 2000 ವರ್ಷಗಳ ಹಿಂದೆಯೇ ಪಳಗಿಸಿದ ಜೀವಿ ಇದು. ಕಂಡ ಪೊದೆ, ಚರಂಡಿ, ಕಲ್ಲಿನ ಸಂದುಗಳಿಗೆಲ್ಲ ಮೂಗು ತೂರಿಸುತ್ತದೆ, ನಾಲ್ಕು ಹೆಜ್ಜೆಗೊಮ್ಮೆ ದಿಕ್ಕು ಬದಲಿಸುತ್ತದೆ. ಹಿಂದೆ ಹೋಗಬೇಕಾದವರು ನೀವೇ. ದಿನದ ಮುಕ್ಕಾಲು ಪಾಲು ನಿದ್ದೆ ಮಾಡುವ ಪ್ರಾಣಿಗೆ ಅಷ್ಟೇ ಸುತ್ತಾಟ ಧಾರಾಳ.

ನಿಜವಾದ ಅಪಾಯಗಳು ಎರಡು. ಒಂದು, ಸೆಕೆ. ಬೆವರಿ ಮೈ ತಂಪಾಗಿಸಿಕೊಳ್ಳಲು ಫೆರೆಟ್‌ಗೆ ಬಾರದು. 27 ಡಿಗ್ರಿ ದಾಟಿದರೆ ಹೊರಗೆ ಒಯ್ಯದಿರುವುದೇ ಮೇಲು. ಬಾಯಿ ತೆರೆದು ಏದುಸಿರು ಬಿಡುತ್ತ ಚಪ್ಪಟೆಯಾಗಿ ಮಲಗಿದರೆ ತಕ್ಷಣ ನೆರಳಿಗೊಯ್ದು, ಪಾದ ಮತ್ತು ಹೊಟ್ಟೆಯನ್ನು ತಣ್ಣೀರಿನಲ್ಲಿ ಒದ್ದೆ ಮಾಡಿ ವೈದ್ಯರ ಬಳಿ ಓಡಿ. ಮಂಜುಗಡ್ಡೆ ಬೇಡ. ಇನ್ನೊಂದು, ನಾಯಿಗಳಿಂದ ಹರಡುವ ಡಿಸ್ಟೆಂಪರ್ ಎಂಬ ವೈರಸ್ ರೋಗ. ಫೆರೆಟ್‌ಗೆ ಅದು ತಗುಲಿದರೆ ಬದುಕುಳಿಯುವ ಭರವಸೆ ಇಲ್ಲವೆಂದೇ ಹೇಳಬೇಕು. ಲಸಿಕೆ ಹಾಕಿಸದೆ ಬೀದಿಗಿಳಿಸುವುದು ಶುದ್ಧ ಬೇಜವಾಬ್ದಾರಿ. ದೊಡ್ಡ ನಾಯಿ ಎದುರಾದಾಗ ಒಳಗೆ ಸೇರಿಸಲು ಹೆಗಲಿಗೊಂದು ಚೀಲವೂ ಇರಲಿ.

ನೀರುನಾಯಿಯ ಮಾತೇ ಬೇರೆ. ಫೆರೆಟ್ ಸಾಕುಪ್ರಾಣಿ, ಇದು ಹಾಗಲ್ಲ. ಒತ್ತಾದ ರೋಮದ ನಡುವೆ ಹಿಡಿದಿಟ್ಟ ಗಾಳಿಯೇ ಅದರ ಚರ್ಮವನ್ನು ನೀರಿನಲ್ಲಿ ಒಣಗಿಸಿಡುತ್ತದೆ. ಸದಾ ಉಜ್ಜುವ ಪಟ್ಟಿ ಆ ರೋಮವನ್ನೇ ಕೆಡಿಸುತ್ತದೆ. ಏಡಿಯ ಚಿಪ್ಪು ಪುಡಿಮಾಡುವ ಹಲ್ಲು ನಿಮ್ಮ ಬೆರಳನ್ನು ಬಿಟ್ಟೀತೇ?

ಬಾಂಗ್ಲಾದೇಶದ ಮೀನುಗಾರರು ನೀರುನಾಯಿಗಳಿಗೆ ಹಗ್ಗ ಕಟ್ಟುವುದಿಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಕಟ್ಟುತ್ತಾರೆ, ನಿಜ. ಆದರೆ ಅಲ್ಲಿ ವಯಸ್ಕ ಪ್ರಾಣಿಗಳನ್ನು ಗಳಕ್ಕೆ ಬಿಗಿದು ದೋಣಿಯ ಪಕ್ಕದ ನೀರಿಗೇ ಇಳಿಸಿ, ಬಲೆಯತ್ತ ಮೀನು ಓಡಿಸುತ್ತಾರೆ. ತಾಯಿಯನ್ನು ಬಿಟ್ಟಿರದ ಮರಿಗಳಿಗೆ ಹಗ್ಗವೇ ಇಲ್ಲ. ಗುಂಪಿನಲ್ಲಿ, ನೀರಿನಲ್ಲಿ ನಡೆಯುವ ಆ ಕಸುಬಿಗೂ ಡಾಂಬರು ರಸ್ತೆಯ ಮೇಲಿನ ಒಂಟಿ ಮೆರವಣಿಗೆಗೂ ಸಂಬಂಧವಿಲ್ಲ.

ವಿಡಿಯೊಗಳಲ್ಲಿ ಸಾಮಾನ್ಯವಾಗಿ ಕಾಣುವುದು ಏಷ್ಯಾದ ಸಣ್ಣ ಉಗುರಿನ ನೀರುನಾಯಿ. ಮರಿಗಳ ಕಳ್ಳಸಾಗಣೆ ಹೆಚ್ಚಿದ್ದರಿಂದ 2019ರಲ್ಲಿ ಅದನ್ನು ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ (CITES) ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಅನುಬಂಧಕ್ಕೆ ಸೇರಿಸಿ, ಅಂತರರಾಷ್ಟ್ರೀಯ ವಾಣಿಜ್ಯ ಮಾರಾಟಕ್ಕೆ ತಡೆ ಹಾಕಲಾಯಿತು. ಯಾರಾದರೂ ಮರಿ ತರಿಸಿಕೊಡುತ್ತೇನೆಂದರೆ, ಅದು ಕಾಡಿನಿಂದ ಕದ್ದ ಮರಿಯೆಂದೇ ತಿಳಿದು ದೂರವಿರಿ.