ಇಸಿಟಿ: ಗುಣ ಮಾಡೋದು ಕರೆಂಟಾ, ಫಿಟ್ಸಾ?

‘ಕರೆಂಟ್ ಕೊಡ್ತಾರಂತೆ’ ಅನ್ನೋ ಮಾತು ಕಿವಿಗೆ ಬಿದ್ದರೆ ಸಾಕು, ಮನೆಯವರು ಹೆದರಿಬಿಡುತ್ತಾರೆ. ಈ ಭಯದ ಗದ್ದಲದಲ್ಲಿ ಇಸಿಟಿ, ಅಂದರೆ ತಲೆಗೆ ಕರೆಂಟ್ ಹಾಯಿಸಿ ಫಿಟ್ಸ್ ಬರಿಸುವ ಚಿಕಿತ್ಸೆ, ತೀವ್ರ ಖಿನ್ನತೆಯನ್ನು ಹೇಗೆ ಇಳಿಸುತ್ತದೆ ಅನ್ನೋ ಪ್ರಶ್ನೆಯೇ ಮುಚ್ಚಿಹೋಗಿದೆ.

ಶುರುವಾಗಿದ್ದು ಕರೆಂಟಿನಿಂದಲ್ಲ, ಕರ್ಪೂರದಿಂದ. 1934ರಲ್ಲಿ ಹಂಗೇರಿಯ ವೈದ್ಯ ಮೆಡುನಾ ಮನೋರೋಗಿಗಳಿಗೆ ಕರ್ಪೂರ ಚುಚ್ಚಿ ಫಿಟ್ಸ್ ಬರಿಸಿದರು. 1938ರಲ್ಲಿ ರೋಮ್‌ನ ಚೆರ್ಲೆಟ್ಟಿ ಮತ್ತು ಬಿನಿ ಅದಕ್ಕೇ ಕರೆಂಟ್ ಬಳಸಿದರು. ಆಮೇಲೆ ಅರಿವಳಿಕೆ ಇಲ್ಲದೆ ಕೊಟ್ಟು ಮೂಳೆ ಮುರಿದ ಕಾಲ, ಬೇಕಾದ್ದಕ್ಕೂ ಬೇಡದ್ದಕ್ಕೂ ಕೊಟ್ಟ ಕಾಲ, ಮಾತ್ರೆಗಳು ಬಂದು ಇದು ಮೂಲೆ ಸೇರಿದ ಕಾಲ. ನಮ್ಮ ಭಯವೆಲ್ಲ ಅಲ್ಲಿಂದ ಬಂದದ್ದೇ.

ಈಗ ರೋಗಿ ಅರಿವಳಿಕೆಯ ನಿದ್ದೆಯಲ್ಲಿರುತ್ತಾರೆ. ಸ್ನಾಯು ಸಡಿಲಿಸುವ ಇಂಜೆಕ್ಷನ್‌ಗೆ ಮುಂಚೆ ಒಂದು ಕಾಲಿಗೆ ಬಿಪಿ ಪಟ್ಟಿ ಬಿಗಿದು, ಔಷಧ ಪಾದಕ್ಕೆ ಇಳಿಯದ ಹಾಗೆ ಮಾಡುವುದುಂಟು. ಫಿಟ್ಸ್ ಬಂದದ್ದು ಗೊತ್ತಾಗೋದು ಆ ಪಾದ ಅದುರಿದಾಗ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಅದೂ ನಿಲ್ಲುತ್ತದೆ. ಅರಿವಳಿಕೆ ಇಲ್ಲದೆ ಕೊಡೋದನ್ನು ನಮ್ಮಲ್ಲಿ ಕಾನೂನು ನಿಷೇಧಿಸಿದ್ದು 2017ರಲ್ಲಿ. ಬಹಳ ತಡವಾಯಿತು.

ಫಿಟ್ಸ್ ಬಂದರೆ ಸಾಕು, ಕರೆಂಟ್ ಬರೀ ಬೆಂಕಿಕಡ್ಡಿ ಅಂತ ಬಹಳ ವರ್ಷ ನಂಬಿದ್ದರು. 1980ರ ದಶಕದಲ್ಲಿ ನ್ಯೂಯಾರ್ಕ್‌ನ ಮನೋವಿಜ್ಞಾನಿ ಹೆರಾಲ್ಡ್ ಸ್ಯಾಕೈಮ್ ತಂಡ ಕೆಲವರಿಗೆ ತಲೆಯ ಬಲಭಾಗಕ್ಕಷ್ಟೇ, ಫಿಟ್ಸ್ ಬರೋಕೆ ಸಾಕಾಗುವಷ್ಟೇ ಕರೆಂಟ್ ಕೊಟ್ಟು ನೋಡಿತು. ಫಿಟ್ಸ್ ಸರಿಯಾಗೇ ಬಂತು, ಖಿನ್ನತೆ ಮಾತ್ರ ಅಷ್ಟಾಗಿ ಇಳಿಯಲಿಲ್ಲ! ಇನ್ನೊಂದು ಸಂಗತಿಯೂ ಇದೆ. ಚಿಕಿತ್ಸೆ ಮುಂದುವರಿದಂತೆ ಫಿಟ್ಸ್ ಬರಿಸೋಕೆ ಜಾಸ್ತಿ ಕರೆಂಟ್ ಬೇಕಾಗುತ್ತದೆ. ಅಂದರೆ ಮೆದುಳು ತನ್ನ ಬ್ರೇಕನ್ನು ತಾನೇ ಗಟ್ಟಿ ಮಾಡಿಕೊಳ್ಳುತ್ತದೆ, ಆ ಬ್ರೇಕೇ ಔಷಧ ಇರಬೇಕು ಅನ್ನೋದು ಸ್ಯಾಕೈಮ್ ವಾದ.

ಮುಂದೆ, ಹೀಗೇ ಕರೆಂಟ್ ಕೊಟ್ಟ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ (ಮೆದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಭಾಗ) ಹೊಸ ನರಕೋಶಗಳು ಹುಟ್ಟಿದ್ದು ಕಂಡಿತು. ಇಸಿಟಿ ಆದ ರೋಗಿಗಳ ಎಂಆರ್‌ಐನಲ್ಲೂ ಆ ಭಾಗ ತುಸು ದೊಡ್ಡದಾಗಿತ್ತು. ಮೆದುಳು ಸುಟ್ಟುಹೋಗುತ್ತದೆ ಅನ್ನುವವರು ಇದನ್ನು ನೋಡಬೇಕು. ಆದರೆ ಹೆಚ್ಚು ಬೆಳೆದವರಿಗೆ ಹೆಚ್ಚು ಗುಣ ಅನ್ನೋ ಲೆಕ್ಕ ಮಾತ್ರ ಕೂಡಲಿಲ್ಲ.

ನನಗೆ ನೋವಾಗೋದು ನೆನಪಿನ ವಿಷಯದಲ್ಲಿ. ‘ಮಗಳ ಮದುವೆಯೇ ನೆನಪಿಲ್ಲ’ ಅನ್ನುವಂಥ ದೂರನ್ನು ದಶಕಗಳ ಕಾಲ ಕಾಯಿಲೆಯ ತಲೆಗೇ ಕಟ್ಟಿದರು. ಚಿಕ್ಕ ಚಿಕ್ಕ ಮಿಡಿತಗಳಾಗಿ ಕರೆಂಟ್ ಹರಿಸೋದು ಬಂದ ಮೇಲೆ ತೊಂದರೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಚಿಕಿತ್ಸೆ ಶುರು ಮಾಡುವ ಮುಂಚೆಯೇ ಇದನ್ನು ಮನೆಯವರಿಗೆ ಬಿಡಿಸಿ ಹೇಳಬೇಕು, ಅಲ್ವಾ?

ಆದ ಗುಣ ಉಳಿಯೋದು ಇನ್ನೊಂದು ಕಷ್ಟ. ಸ್ಯಾಕೈಮ್ ತಂಡದ 2001ರ ಅಧ್ಯಯನದಲ್ಲಿ, ಇಸಿಟಿಯಿಂದ ಚೇತರಿಸಿಕೊಂಡು ಆಮೇಲೆ ಬರೀ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಆರು ತಿಂಗಳೊಳಗೆ 84% ಮಂದಿಗೆ ಖಿನ್ನತೆ ಮರಳಿತು. ಲಿಥಿಯಂ ಜೊತೆ ನಾರ್ಟ್ರಿಪ್ಟಿಲಿನ್ ಅನ್ನೋ ಖಿನ್ನತೆಯ ಮಾತ್ರೆ ತೆಗೆದುಕೊಂಡವರಲ್ಲಿ ಅದು 39%.