ಹೊಸ ಬಣ್ಣದಡಿ ಸಿಕ್ಕಿಬಿದ್ದ ಅರ್ತಿಂಗ್

ಹಳೆಯ ಫೋರ್ಡ್ ಮಸ್ಟಾಂಗ್ ಕಾರು ರಿಸ್ಟೋರ್ ಆಗಿ ಪೇಂಟ್ ಬೂತಿನಿಂದ ಹೊರಬಂದ ಮೇಲೆ ಮಾಲೀಕರ ದೂರು ಹೆಚ್ಚುಕಡಿಮೆ ಒಂದೇ ಧಾಟಿಯದು: “ಅಣ್ಣಾ, ಸೆಲ್ಫ್ ಎತ್ತುತ್ತಿಲ್ಲ. ಮುಂಬೈನ ಮಾಟುಂಗಾದಿಂದ ಹೊರಟು ಪುಣೆ ದಾರಿಯ ಬೋರ್ ಘಾಟ್ ಹತ್ತುವಾಗ ಹೀಟ್ ಮುಳ್ಳು ಕೆಂಪಿಗೆ ಹೋಯಿತು. ಕಾರ್ಬುರೇಟರ್ ಬದಲಿಸಲಾ?” ಅಷ್ಟರಲ್ಲಿ ಕೆಲವರು ಎರಡನೇ ಕಾರ್ಬುರೇಟರನ್ನು ತರಿಸಿಯೂ ಆಗಿರುತ್ತದೆ. ದಯವಿಟ್ಟು ಅದಕ್ಕೆ ಕೈಹಾಕುವ ಮೊದಲು ಅರ್ತಿಂಗ್, ಅಂದರೆ ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ ನೋಡಿ.

ಈ ಕಾರುಗಳಲ್ಲಿ ಬಾಡಿಯೇ ನೆಗೆಟಿವ್ ವಯರು. ಎಪಾಕ್ಸಿ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್, ಬ್ರಾಕೆಟ್ಟುಗಳಿಗೆ ಪೌಡರ್ ಕೋಟಿಂಗ್ ಇವೆಲ್ಲ ಬಿದ್ದ ಮೇಲೆ ಬೋಲ್ಟಿನಡಿ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಅದನ್ನೂ ಬಾಡಿಯನ್ನೂ ಜೋಡಿಸುವುದು ಎಂಜಿನ್ನಿನ ಹಿಂಬದಿಯಿಂದ ಫೈರ್‌ವಾಲ್‌ಗೆ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಹೋಗುವ ಹೆಣೆದ ತಾಮ್ರದ ಪಟ್ಟಿ. ಜೋಡಣೆಯ ದಿನ ಡಬ್ಬಿಯಲ್ಲೇ ಉಳಿಯುವುದು ಅದೇ. ಆಗ ಕರೆಂಟು ಸ್ಪೀಡೋಮೀಟರ್ ಕೇಬಲ್ಲಿನಂಥ ಅಡ್ಡದಾರಿ ಹಿಡಿದು ಅದನ್ನು ಸುಡುತ್ತದೆ.

1965–66ರ ಮಸ್ಟಾಂಗ್‌ನಲ್ಲಿ ಇನ್ನೂ ಮೂರು ಸೂಕ್ಷ್ಮ ಜಾಗಗಳಿವೆ. ಸೆಲ್ಫಿಗೆ ಕರೆಂಟು ಬಿಡುವ ಸ್ವಿಚ್ಚಾದ ಸೊಲೆನಾಯ್ಡ್ ಫೆಂಡರಿನ ಒಳಗೋಡೆಗೆ ಕೂತು ತನ್ನ ಬೋಲ್ಟುಗಳಿಂದಲೇ ಅರ್ತಿಂಗ್ ಪಡೆಯುತ್ತದೆ. ಅಡಿಯಲ್ಲಿ ಬಣ್ಣವಿದ್ದರೆ ಟಿಕ್ ಟಿಕ್ ಅನ್ನುತ್ತದೆ, ಇಲ್ಲವೇ ಸುಮ್ಮನಿರುತ್ತದೆ. ಚಾರ್ಜಿಂಗ್ ರೆಗ್ಯುಲೇಟರ್ ಅರ್ತಿಂಗ್ ಕಳೆದುಕೊಂಡರೆ ಓವರ್‌ಚಾರ್ಜ್ ಆಗಿ ಬ್ಯಾಟರಿ ಕುದಿಯುತ್ತದೆ. ಡ್ಯಾಶ್‌ಬೋರ್ಡ್ ಹಿಂದಿನ ಮೀಟರ್ ರೆಗ್ಯುಲೇಟರಿಗೆ ಅದು ತಪ್ಪಿದರೆ ಪೆಟ್ರೋಲ್, ಹೀಟ್ ಎರಡೂ ಮುಳ್ಳುಗಳು ಒಟ್ಟಿಗೇ ಮೇಲೇರುತ್ತವೆ. ಎರಡೂ ಒಟ್ಟಿಗೆ ಎದ್ದರೆ ರೇಡಿಯೇಟರನ್ನು ಬಿಚ್ಚಬೇಡಿ.

“ಮಲ್ಟಿಮೀಟರ್ ಬೀಪ್ ಅಂದಿತಲ್ಲ, ಅರ್ತಿಂಗ್ ಸರಿಯಿದೆ” ಅನ್ನುತ್ತಾರೆ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಇದೇ. ಬೀಪ್ ಮಾಡುವಾಗ ಮೀಟರ್ ಕಳಿಸುವುದು ಮಿಲಿಆಂಪಿನ ಲೆಕ್ಕದ ಕರೆಂಟು; ವಿ8 ಎಂಜಿನ್ನಿನ ಸೆಲ್ಫ್ ಎಳೆಯುವುದು ಸುಮಾರು 150ರಿಂದ 200 ಆಂಪ್. ಒಂದೇ ಎಳೆಯ ಮೇಲೆ ನಿಂತ ಬಾವಿಹಗ್ಗ ಖಾಲಿ ಕೊಡವನ್ನು ಎತ್ತೀತು, ತುಂಬಿದ ಕೊಡಕ್ಕೆ ಹರಿಯುತ್ತದೆ. ಲೆಕ್ಕ ನೋಡಿ: ಕೇವಲ 0.01 ಓಮ್ ಅಡ್ಡಿ, 200 ಆಂಪ್ ಕರೆಂಟು, ನಷ್ಟ 2 ವೋಲ್ಟ್. ಸೆಲ್ಫ್ ಹೊಡೆಯುವಾಗ ಬ್ಯಾಟರಿ 10 ವೋಲ್ಟಿಗೆ ಇಳಿದಿದ್ದರೆ ಮೋಟರಿಗೆ ಉಳಿಯುವುದು 8. ಅದೇ 0.01 ಓಮ್‌ಗೆ ನಿಮ್ಮ ಮೀಟರ್ ಖುಷಿಯಿಂದ ಬೀಪ್ ಅನ್ನುತ್ತದೆ. ಹೊರೆ ಹೊತ್ತಾಗಲೇ ಅಳೆಯಬೇಕು.

ಬ್ಯಾಟರಿ 12.6 ವೋಲ್ಟ್ ಇರಲಿ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿರಲಿ. ಎಂಜಿನ್ ಹೊತ್ತದಂತೆ ಇಗ್ನಿಷನ್ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ (ಪ್ಲಗ್ಗುಗಳಿಗೆ ಕಿಡಿ ಹಂಚುವ ಭಾಗ) ಹೋಗುವ ಸಣ್ಣ ವಯರು ಬಿಚ್ಚಿ. ಮೀಟರನ್ನು ಡಿಸಿ ವೋಲ್ಟಿಗಿಟ್ಟು ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಒತ್ತಿ, ಕ್ಲಾಂಪಿಗಲ್ಲ. ಕೆಂಪು ಕಡ್ಡಿ ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಜಾಗಕ್ಕೆ. ಇನ್ನೊಬ್ಬರು ಐದು ಸೆಕೆಂಡು ಸೆಲ್ಫ್ ಹೊಡೆಯಲಿ. 0.2 ವೋಲ್ಟಿನೊಳಗೆ ಬಂದರೆ ಒಳ್ಳೆಯದು, 0.5 ದಾಟಿದರೆ ಕಳ್ಳ ಅಲ್ಲೇ ಇದ್ದಾನೆ. ಆಮೇಲೆ ವಯರು ಜೋಡಿಸಿ, ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್, ಬ್ಲೋವರ್ ಹಾಕಿ ಬಾಡಿಯನ್ನೂ ಹೀಗೇ ಅಳೆಯಿರಿ: 0.1ರೊಳಗಿರಬೇಕು.

ರಿಪೇರಿ ಅಗ್ಗದ್ದು. ಮೊದಲು ನೆಗೆಟಿವ್ ಕ್ಲಾಂಪ್ ಬಿಚ್ಚಿ. ರಿಂಗ್ ಟರ್ಮಿನಲ್ ಕೂರುವಷ್ಟೇ ಜಾಗವನ್ನು ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ. ವ್ಯಾಸಲೀನ್ ಬಳಿಯುವುದು ಬಿಗಿ ಮಾಡಿದ ನಂತರ, ಮೇಲಿನಿಂದ. ಕಡಲ ಗಾಳಿಯ ಮುಂಬೈ, ಗೋವಾದಲ್ಲಿ ಇದನ್ನು ಬಿಟ್ಟರೆ ಉಜ್ಜಿದ ಜಾಗಕ್ಕೇ ಮೊದಲು ತುಕ್ಕು ಹತ್ತುತ್ತದೆ. ಬ್ಯಾಟರಿಯಿಂದ ಬ್ಲಾಕಿಗೆ 35 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಹಾಕಿ.

ಎಲ್ಲ ಹೀಟೂ ಸುಳ್ಳೆಂದು ನಾನು ಹೇಳುತ್ತಿಲ್ಲ. ಥರ್ಮೋಸ್ಟ್ಯಾಟ್ ಹೌಸಿಂಗ್ ಮೇಲೆ ಕಪ್ಪು ಟೇಪಿನ ತುಂಡು ಅಂಟಿಸಿ ಇನ್‌ಫ್ರಾರೆಡ್ ಗನ್ನಿನಿಂದ ನೋಡಿ. ಹೊಳೆಯುವ ಲೋಹದ ಮೇಲೆ ಗನ್ ಕಡಿಮೆ ತೋರಿಸುತ್ತದೆ. 85–90 ಡಿಗ್ರಿ ಸೆಲ್ಸಿಯಸ್ ಇದ್ದೂ ಮುಳ್ಳು ಕೆಂಪಿನಲ್ಲಿದ್ದರೆ ತಪ್ಪು ಮುಳ್ಳಿನದು. ನಿಜಕ್ಕೂ ಕಾದಿದ್ದರೆ, ಟ್ರಾಫಿಕ್ಕಿನಲ್ಲಿ ನಿಂತಾಗ ಕಾಯುವುದು ಬಹುಪಾಲು ಫ್ಯಾನಿನ, ಅದರ ಕವಚದ ಸಮಸ್ಯೆ. ಎಕ್ಸ್‌ಪ್ರೆಸ್‌ವೇ ವೇಗದಲ್ಲಿ ಕಾಯುವುದು ನೀರಿನ ಹರಿವಿನದು, ಒಳಗೆ ಸ್ಪ್ರಿಂಗ್ ಇಲ್ಲದ ಕೆಳಗಿನ ಹೋಸ್ ಚಪ್ಪಟೆಯಾಗುವುದೂ ಉಂಟು.

ಇನ್ನು, ಸ್ಪೀಡ್ ಏರಿಸುವಾಗ ಮಿಸ್ ಹೊಡೆಯುತ್ತದೆಂದು ಕಾರ್ಬುರೇಟರ್ ಬಿಚ್ಚುವವರಿಗೆ: ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ (ಕಿಡಿಗಾಗಿ ಕರೆಂಟು ಕಡಿಯುವ ಸ್ವಿಚ್ಚು) ಕೂರುವ ಪ್ಲೇಟಿನಿಂದ ಡಿಸ್ಟ್ರಿಬ್ಯೂಟರಿನದೇ ಬಾಡಿಗೆ ಒಂದು ಸಣ್ಣ ಅರ್ತಿಂಗ್ ವಯರಿದೆ. ವ್ಯಾಕ್ಯೂಮ್ ಪ್ಲೇಟನ್ನು ಎಳೆದಾಗಲೆಲ್ಲ ಅದು ಬಾಗುತ್ತದೆ, ಒಂದು ದಿನ ಹೊದಿಕೆಯೊಳಗೇ ತುಂಡಾಗುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಹೊಸದು ಹಾಕುವಾಗ ಸಣ್ಣ ಎಳೆಗಳ ಮೆತ್ತನೆಯ ವಯರೇ ಆಗಬೇಕು. ಗಟ್ಟಿ ವಯರು ಪ್ಲೇಟನ್ನೂ ತಡೆಯುತ್ತದೆ, ಬೇಗ ತುಂಡೂ ಆಗುತ್ತದೆ.