ದುಬಾರಿ ಇಂಜೆಕ್ಷನ್ನೇ ಒಳ್ಳೆಯದಾ?

"ದುಡ್ಡಿನ ಯೋಚನೆ ಬೇಡ ಸರ್, ಯಾವುದು ಒಳ್ಳೇದೋ ಅದೇ ಇಂಜೆಕ್ಷನ್ ಹಾಕಿ." ಹಾರ್ಟ್ ಅಟ್ಯಾಕ್ ಆದ ಅಪ್ಪನನ್ನೋ ಅಮ್ಮನನ್ನೋ ಆಂಜಿಯೋಪ್ಲಾಸ್ಟಿ ಮಾಡುವ ಕೋಣೆ, ಅಂದರೆ ಕ್ಯಾತ್‌ಲ್ಯಾಬ್ ಒಳಗೆ ಕರೆದೊಯ್ಯುವಾಗ ಮಕ್ಕಳು ಹೀಗೆ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಬಾಗಿಲ ಬಳಿ ನಿಂತು ವಿವರಿಸಲು ಆಗ ಸಮಯ ಇರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈ ಇಂಜೆಕ್ಷನನ್ನು ರಕ್ತ ತೆಳು ಮಾಡುವ ಔಷಧಿ ಎನ್ನುತ್ತೇವೆ. ಆದರೆ ಅದು ರಕ್ತವನ್ನು ನೀರು ಮಾಡುವುದಿಲ್ಲ. ಹೆಪ್ಪು ಹಾಕಿದ ಹಾಲು ಮೊಸರಾಗದಂತೆ ತಡೆದ ಹಾಗೆ, ಅಷ್ಟೇ. ಆಂಜಿಯೋಪ್ಲಾಸ್ಟಿಯಲ್ಲಿ ಮುಚ್ಚಿದ ರಕ್ತನಾಳದೊಳಗೆ ವೈರು, ಬಲೂನು, ನಾಳವನ್ನು ತೆರೆದಿಡುವ ಜಾಲರಿಯಂಥ ಸ್ಟೆಂಟ್ ಹೋಗುತ್ತವೆ. ರಕ್ತಕ್ಕೆ ಅವೆಲ್ಲ ಹೊರಗಿನ ವಸ್ತು. ಅವುಗಳ ಮೇಲೆ ಬೇಗ ಹೆಪ್ಪುಗಟ್ಟುತ್ತದೆ. ಕಡಿಮೆ ತಡೆದರೆ ಹೊಸ ಸ್ಟೆಂಟೇ ಮುಚ್ಚಿಕೊಳ್ಳಬಹುದು. ಜಾಸ್ತಿ ತಡೆದರೆ ಹೊಟ್ಟೆಯಲ್ಲೋ ಮಿದುಳಿನಲ್ಲೋ ರಕ್ತಸ್ರಾವ ಆಗಬಹುದು.

ಹಳೆಯ ಔಷಧಿ ಹೆಪಾರಿನ್. 1916ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯ ವಿದ್ಯಾರ್ಥಿಯ ಪ್ರಯೋಗಗಳಿಂದ ಇದರ ಕಥೆ ಶುರುವಾಯಿತು. ಈಗ ಇದನ್ನು ಹೆಚ್ಚಾಗಿ ಹಂದಿಯ ಕರುಳಿನ ಒಳಪದರದಿಂದ ತೆಗೆಯುತ್ತಾರೆ. ಬೆಲೆ ಕಡಿಮೆ. ಒಂದೇ ಡೋಸ್ ಎಲ್ಲರಿಗೂ ಒಂದೇ ರೀತಿ ಕೆಲಸ ಮಾಡುವುದಿಲ್ಲ, ನಿಜ. ಆದರೆ ಎಷ್ಟು ಕೆಲಸ ಮಾಡುತ್ತಿದೆ ಎಂದು ಕ್ಯಾತ್‌ಲ್ಯಾಬ್‌ನಲ್ಲೇ ಕೆಲವು ನಿಮಿಷಗಳಲ್ಲಿ ಅಳೆಯಬಹುದು. ತೊಂದರೆಯಾದರೆ ಪ್ರೋಟಮಿನ್ ಕೊಟ್ಟು ಅದರ ಪರಿಣಾಮ ಇಳಿಸಬಹುದು. ಈ ಕೊನೆಯ ಗುಣ ನನಗೆ ತುಂಬ ಧೈರ್ಯ ಕೊಡುತ್ತದೆ.

ದುಬಾರಿಯದು ಬೈವಲಿರುಡಿನ್. ಮಲೆನಾಡಿನವರಿಗೆ ಗೊತ್ತು, ಇಂಬಳ ಕಚ್ಚಿದ ಜಾಗದಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ ಅಲ್ವಾ? ಜಿಗಣೆಯ ಜೊಲ್ಲಿನಲ್ಲಿರುವ ಹಿರುಡಿನ್ ಎಂಬ ವಸ್ತುವಿನ ಮಾದರಿಯಲ್ಲಿ ಮಾಡಿದ ಔಷಧಿ ಇದು. ಕಿಡ್ನಿ ಚೆನ್ನಾಗಿದ್ದರೆ ಸುಮಾರು 25 ನಿಮಿಷಕ್ಕೆ ಇದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. 2008ರಲ್ಲಿ ಬಂದ ಹೊರೈಜನ್ಸ್ ಅಧ್ಯಯನದಲ್ಲಿ ಇದನ್ನು ಪಡೆದವರಿಗೆ ದೊಡ್ಡ ರಕ್ತಸ್ರಾವ ಶೇ 4.9. ಹೆಪಾರಿನ್ ಗುಂಪಿನಲ್ಲಿ ಶೇ 8.3. ಸಾವೂ ಕಡಿಮೆ ಇತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಗುಂಪಿಗೆ ಕೊಟ್ಟಿದ್ದು ಬರೀ ಹೆಪಾರಿನ್ ಅಲ್ಲ. ಜೊತೆಗೆ ಹೆಪ್ಪುಗಟ್ಟಲು ನೆರವಾಗುವ ರಕ್ತಕಣಗಳಾದ ಪ್ಲೇಟ್‌ಲೆಟ್‌ಗಳನ್ನು ಬಲವಾಗಿ ತಡೆಯುವ ಇನ್ನೊಂದು ಔಷಧಿಯೂ ಇತ್ತು. ಹಾಗಾದರೆ ಆ ರಕ್ತಸ್ರಾವ ಯಾರ ಲೆಕ್ಕಕ್ಕೆ? ಅಲ್ಲದೆ ಆಗ ಬಹುತೇಕ ಎಲ್ಲರಿಗೂ ತೊಡೆಸಂದಿನ ರಕ್ತನಾಳದಿಂದಲೇ ಚಿಕಿತ್ಸೆ ಮಾಡುತ್ತಿದ್ದರು. ಮಣಿಕಟ್ಟಿನಿಂದ ಹೋದರೆ ರಕ್ತಸ್ರಾವ ತಾನಾಗಿಯೇ ಕಡಿಮೆ. 2014ರಲ್ಲಿ ಲಿವರ್‌ಪೂಲ್‌ನ ವೈದ್ಯರು ಎರಡೂ ಗುಂಪಿಗೆ ಆ ಹೆಚ್ಚುವರಿ ಔಷಧಿಯನ್ನು ಅಗತ್ಯ ಬಿದ್ದರೆ ಮಾತ್ರ ಕೊಟ್ಟು ಹೋಲಿಸಿದರು. ಆಗ ರಕ್ತಸ್ರಾವದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಸಾವು, ಮತ್ತೆ ಹಾರ್ಟ್ ಅಟ್ಯಾಕ್ ಇಂಥವು ಸೇರಿ ಬೈವಲಿರುಡಿನ್ ಕಡೆ ಶೇ 8.7, ಹೆಪಾರಿನ್ ಕಡೆ ಶೇ 5.7. ಸ್ವೀಡನ್‌ನಲ್ಲಿ 6,006 ಜನರ ಮೇಲೆ ನಡೆದು 2017ರಲ್ಲಿ ಬಂದ ಅಧ್ಯಯನದಲ್ಲಿ ಎರಡೂ ಹೆಚ್ಚುಕಡಿಮೆ ಸಮ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೈವಲಿರುಡಿನ್ ನಿಲ್ಲಿಸಿದ ಕೂಡಲೇ ಅದರ ರಕ್ಷಣೆ ಇಳಿಯುತ್ತದೆ. ಮೊದಲ ದಿನವೇ ಸ್ಟೆಂಟ್ ಮುಚ್ಚುವ ಅಪಾಯ ಅದಕ್ಕೇ ಕಾಣುತ್ತಿತ್ತು. ಚೀನಾದವರು ಆಂಜಿಯೋಪ್ಲಾಸ್ಟಿ ಮುಗಿದ ಮೇಲೂ 2ರಿಂದ 4 ಗಂಟೆ ಪೂರ್ತಿ ಪ್ರಮಾಣದ ಡ್ರಿಪ್ ಮುಂದುವರಿಸಿದರು. 2022ರ ಆ ಅಧ್ಯಯನದಲ್ಲಿ ಸಾವು ಅಥವಾ ದೊಡ್ಡ ರಕ್ತಸ್ರಾವ ಶೇ 3.06. ಹೆಪಾರಿನ್ ಕಡೆ ಶೇ 4.39. ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಡ್ರಿಪ್ ಮುಂದುವರಿಸದೆ, ಸುಮ್ನೆ ದುಬಾರಿ ಅಂತ ಹಾಕುವುದರಲ್ಲಿ ಅರ್ಥವಿಲ್ಲ. ಹೆಚ್ಚಿನವರಿಗೆ ಮಣಿಕಟ್ಟಿನ ದಾರಿ ಮತ್ತು ಅಳೆದು ಕೊಟ್ಟ ಹೆಪಾರಿನ್ ನನ್ನ ಆಯ್ಕೆ. ಹೆಪಾರಿನ್‌ನಿಂದ ಹಿಂದೆ ಪ್ಲೇಟ್‌ಲೆಟ್ ಕುಸಿದವರಿಗೆ ಬೈವಲಿರುಡಿನ್ ಬೇಕೇ ಬೇಕು.

ವಾರ್ಡಿನಲ್ಲಿ ಕೊಡುವ ಇನ್ನೊಂದು ಇಂಥದೇ ಔಷಧಿ ಫೊಂಡಾಪರಿನಕ್ಸ್ ಬಗ್ಗೆಯೂ ಹೇಳಬೇಕು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿದ ಸಲೀಂ ಯೂಸುಫ್ ಅವರ ನೇತೃತ್ವದ 2006ರ ಅಧ್ಯಯನದಲ್ಲಿ 20,000ಕ್ಕೂ ಹೆಚ್ಚು ಜನರಿದ್ದರು. ಹೆಪಾರಿನ್‌ನದೇ ಇನ್ನೊಂದು ರೂಪವಾದ ಎನೋಕ್ಸಪರಿನ್ ಪಡೆದವರಲ್ಲಿ ದೊಡ್ಡ ರಕ್ತಸ್ರಾವ ಶೇ 4.1 ಇದ್ದರೆ ಫೊಂಡಾಪರಿನಕ್ಸ್ ಪಡೆದವರಲ್ಲಿ ಶೇ 2.2. ಒಂದು ತಿಂಗಳಲ್ಲಿ ಸಾವೂ ಕಡಿಮೆ. ಆದರೆ ರಕ್ತನಾಳದೊಳಗೆ ತೂರಿಸುವ ಸಣ್ಣ ಕೊಳವೆ, ಕ್ಯಾತಿಟರ್ ಮೇಲೆ ಹೆಪ್ಪುಗಟ್ಟುವುದನ್ನು ಇದೊಂದೇ ಸರಿಯಾಗಿ ತಡೆಯಲಿಲ್ಲ. ಅದಕ್ಕೇ ಕ್ಯಾತ್‌ಲ್ಯಾಬ್‌ನಲ್ಲಿ ಜೊತೆಗೆ ಹೆಪಾರಿನ್ ಕೊಡುತ್ತೇವೆ.

ಎನೋಕ್ಸಪರಿನ್ ವಿಷಯ ಬೇರೆ. ಅದರ ಮೇಲೆ ಹೆಪಾರಿನ್ ಸುರಿದರೆ ರಕ್ತಸ್ರಾವದ ಭಯ ಏರುತ್ತದೆ. ಒಮ್ಮೆ ತಾಲ್ಲೂಕು ಕೇಂದ್ರದಿಂದ ಒಬ್ಬ ಅಜ್ಜಿ ಬಂದರು. ಸಣ್ಣ ಮೈಕಟ್ಟು, 48 ಕಿಲೋ. ವಯಸ್ಸಾದ, ತೂಕ ಕಡಿಮೆ ಇರುವ ಹೆಂಗಸರಿಗೇ ರಕ್ತಸ್ರಾವ ಜಾಸ್ತಿ. ಚೀಟಿಯಲ್ಲಿ "ಇಂಜೆಕ್ಷನ್ ಕೊಟ್ಟಿದೆ" ಎಂದಷ್ಟೇ ಇತ್ತು. ಯಾವುದು, ಎಷ್ಟು, ಎಷ್ಟು ಹೊತ್ತಿಗೆ ಒಂದೂ ಇಲ್ಲ. ಮಗನಿಗೂ ಗೊತ್ತಿರಲಿಲ್ಲ. ಫೋನ್ ಮಾಡಿದೆವು. ಅಲ್ಲಿನ ಸಿಸ್ಟರ್ ರಿಜಿಸ್ಟರ್ ತೆಗೆದು ಓದಿದರು. ಎನೋಕ್ಸಪರಿನ್, ಹಿಂದಿನ ಸಂಜೆ ಒಂದು, ಬೆಳಿಗ್ಗೆ 7ಕ್ಕೆ ಇನ್ನೊಂದು. ಆಗ ಗಂಟೆ 11. ಕೊನೆಯ ಡೋಸ್ ಆಗಿ 8 ಗಂಟೆ ದಾಟಿರಲಿಲ್ಲ, ಅಂದರೆ ಅದರ ಪರಿಣಾಮ ಇನ್ನೂ ಸಾಕಷ್ಟಿತ್ತು. ತುಂಬಿಟ್ಟಿದ್ದ ಹೆಪಾರಿನ್ ಸಿರಿಂಜನ್ನು ಟ್ರೇಯಲ್ಲೇ ಬಿಟ್ಟು ಅಜ್ಜಿಗೆ ಸ್ಟೆಂಟ್ ಹಾಕಿದೆವು.